ಚಪ್ಪಲಿಯ ಅಡಿಭಾಗ

ಎಂದಿನಂಥದೇ ಒಂದು ಮಂಗಳವಾರ. ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದಾಗ ಎಡಮಂಡಿ ಸೋತು ಮೇಜು ಹಿಡಿದು ನಿಂತೆ. ಯಜಮಾನರು ತೀರಿಕೊಂಡ ಮೇಲೆ ನನಗೆ ಉಳಿದಿದ್ದು ಆ ತರಗತಿಯೊಂದೇ. ನಿಂತು ಪಾಠ ಮಾಡಲಾಗದಿದ್ದರೆ ಅದೂ ಹೋಗುತ್ತಿತ್ತು.

ಸಹೋದ್ಯೋಗಿಯೊಬ್ಬರು ಕೆಂಗೇರಿ ಕಡೆಯ ವಿಶ್ವವಿದ್ಯಾಲಯವೊಂದಕ್ಕೆ ಕಳಿಸಿದರು. ಅಲ್ಲಿನ ಕ್ರೀಡಾವೈದ್ಯ ವಿಭಾಗದಲ್ಲಿ ಆಟಗಾರರ ನಡಿಗೆಯನ್ನು ಕ್ಯಾಮೆರಾ ಇಟ್ಟು ಪರೀಕ್ಷಿಸುತ್ತಾರೆ, ನಮ್ಮಂಥವರನ್ನೂ ನೋಡುತ್ತಾರೆ. ನಾನು ಅಭ್ಯಾಸಬಲದಿಂದ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದೆ.

"ಅಯ್ಯೋ ಮೇಡಂ, ಇದೇನು ದೇವಸ್ಥಾನಾನಾ? ನಾವು ಮೊದಲು ನೋಡೋದೇ ಚಪ್ಪಲಿ!" ಎಂದು ಅಲ್ಲಿನ ವಿದ್ಯಾರ್ಥಿನಿ ನಕ್ಕಳು.

"ಮುಟ್ಟಬೇಡಮ್ಮಾ" ಎನ್ನುವಷ್ಟರಲ್ಲಿ ಎರಡನ್ನೂ ಕೈಯಲ್ಲಿ ಎತ್ತಿ ತಂದು ಅಡಿ ತಿರುಗಿಸಿದಳು. ಎಡಗಾಲಿನದು ಮಾತ್ರ ಹೊರ ಅಂಚಿನಲ್ಲಿ ಸವೆದಿತ್ತು. ಆಮೇಲೆ ನನ್ನನ್ನು ನಡೆಸಿ ವಿಡಿಯೊ ತೋರಿಸಿದಳು. ನನ್ನ ಬಲಗೈ ಮಡಚಿಕೊಂಡು ಪಕ್ಕೆಗೆ ಅಂಟಿಕೊಂಡೇ ಇತ್ತು.

"ಬಲಗಡೆ ಯಾರನ್ನಾದ್ರೂ ಹಿಡ್ಕೊಂಡು ನಡೀತಿದ್ರಾ ಮೇಡಂ?"

"ನಮ್ಮೆಜಮಾನ್ರಿಗೆ ಪಾರ್ಶ್ವವಾಯು ಆಗಿತ್ತು. ನಾಲ್ಕು ವರ್ಷ ನನ್ನ ಮೇಲೆ ಭಾರ ಹಾಕಿ ನಡೆದ್ರು. ಹೋದ ವರ್ಷ ತೀರ್ಕೊಂಡ್ರು."

ನಾನು ತಂದಿದ್ದ ಎಕ್ಸ್‌ರೇಯನ್ನು ಅವಳು ಬೆಳಕಿಗೆ ಹಿಡಿದು ನೋಡಿದಳು. "ಎಕ್ಸ್‌ರೇಲಿ ಮಂಡಿ ಚೆನ್ನಾಗೇ ಇದೆ. ಅವರ ಭಾರಕ್ಕೆ ಎಡಕ್ಕೆ ವಾಲಿ ನಡೆದ ಅಭ್ಯಾಸ ಹಾಗೇ ಉಳಿದಿದೆ, ಅಷ್ಟೆ. ಪಾಠ ಬಿಡೋದೇನೂ ಬೇಡ. ಎರಡೂ ಕೈ ಬೀಸಿ ನಡೆಯೋದು ಕಲಿಸ್ತೀನಿ, ಬನ್ನಿ."

"ಟೀಚರ್‌ಗೇ ಕಲಿಸ್ತೀಯಾ?"

"ಹೋಂವರ್ಕೂ ಕೊಡ್ತೀನಿ. ಮಾಡದಿದ್ರೆ ಬೈತೀನಿ."

ನಾನು ಯಾರಿಗೂ ಹೇಳಿಕೊಳ್ಳದಿದ್ದುದನ್ನು ನನ್ನ ಹೆಜ್ಜೆಯಲ್ಲೇ ಓದಿದ ಆ ಹುಡುಗಿಯನ್ನು ಈಗಲೂ ನೆನೆಯುತ್ತೇನೆ.

ಅವತ್ತು ಎರಡೂ ಕೈ ಬೀಸಿ ಹನ್ನೆರಡು ಹೆಜ್ಜೆ ನಡೆದೆ.