ನಿಂತ ಕಾರಿಗೆ ಚಾಲಕನನ್ನು ಹುಡುಕಿದ ದಿನ

"ಡ್ರೈವರ್ ಲೈಸೆನ್ಸ್ ಕೊಡ್ದಿದ್ರೆ ಕ್ಲೇಮ್ ಇಲ್ಲ ಮೇಡಂ," ಎಂದರು ವಿಮಾ ಕಚೇರಿಯ ಅಧಿಕಾರಿ.

ತೊಂಬತ್ತಾರನೇ ಇಸವಿಯ ಸುಮಾರು. ಪೀಣ್ಯದ ನಮ್ಮ ಕಾರ್ಖಾನೆಯ ಆವರಣದಲ್ಲಿ ನಿಲ್ಲಿಸಿದ್ದ ನನ್ನ ಕಾರಿನ ಮೇಲೆ ಕ್ಯಾಂಟೀನಿನ ನೀರಿನ ಟ್ಯಾಂಕ್ ಉರುಳಿ ಬಿದ್ದಿತ್ತು.

"ಕಾರಲ್ಲಿ ಯಾರೂ ಇರ್ಲಿಲ್ಲ ಸಾರ್."

"ಅರ್ಜೀಲಿ ಡ್ರೈವರ್ ಕಾಲಂ ಖಾಲಿ ಬಿಡಂಗಿಲ್ಲ. ಯಾರಾದ್ರೂ ಇರ್ಲೇಬೇಕು."

"ಇದ್ದಿದ್ರೆ ಸತ್ತೇ ಹೋಗ್ತಿದ್ರು ಸಾರ್!"

"ಹಾಗಾದ್ರೆ ಡೆತ್ ಸರ್ಟಿಫಿಕೇಟ್ ತನ್ನಿ."

ನನಗೆ ಅಳು ಬಂತು. ಬೆಂಚಿನ ಮೇಲೆ ಕೂತಿದ್ದ ವಯಸ್ಸಾದ ಲಾರಿ ಮಾಲೀಕರೊಬ್ಬರು ಮೆಲ್ಲಗೆ ಹೇಳಿದರು: "ಪಾಲಿಸಿಯ ಯಾವ ಷರತ್ತಿನ ಪ್ರಕಾರ ಕೊಡಲ್ಲ ಅಂತ ಬರ್ಕೊಡಿ ಅಂತ ಕೇಳಮ್ಮ. ಕಾರಣ ಕೇಳೋದು ನಿನ್ನ ಹಕ್ಕು. ಆ ಕಾಗದ ಹಿಡ್ಕೊಂಡು ಗ್ರಾಹಕರ ಕೋರ್ಟಿಗೆ ಹೋಗ್ಬೋದು."

ಹಾಗೆಯೇ ಕೇಳಿದೆ. ಅಧಿಕಾರಿ ಗತ್ತಿನಿಂದ ಬರೆಯತೊಡಗಿದರು: 'ನಿಂತಿದ್ದ ಕಾರಿನಲ್ಲಿ ಚಾಲಕನೇ ಇಲ್ಲದ ಕಾರಣ, ಸದರಿ ಚಾಲಕನ ಲೈಸೆನ್ಸ್...' ಅಲ್ಲಿಗೆ ಪೆನ್ನು ನಿಂತಿತು. ಬರೆದದ್ದನ್ನು ತಾವೇ ಎರಡು ಸಲ ಓದಿಕೊಂಡರು. ಹಾಳೆ ಹರಿದುಹಾಕಿ, ನನ್ನ ಅರ್ಜಿಯ ಆ ಕಾಲಂ ಮೇಲೆ ಗೆರೆ ಎಳೆದು ಮೊಹರು ಒತ್ತಿದರು. ಮುಂದಿನ ತಿಂಗಳು ಕ್ಲೇಮ್ ಮಂಜೂರಾಯಿತು.

ಅಂಗಲಾಚಲೆಂದು ಹೋಗಿದ್ದವಳು ಕಾರಣ ಕೇಳಿ ಗೆದ್ದು ಬಂದೆ. ಆ ಸಂಭ್ರಮದಲ್ಲಿ ಲಾರಿ ಮಾಲೀಕರ ಹೆಸರನ್ನೂ ಕೇಳಲಿಲ್ಲ. ಆ ಕೊರಗು ಇಂದಿಗೂ ಹೋಗಿಲ್ಲ.