ಕೈಗುಣ ಅಂದರು

ಮೊಮ್ಮಗಳನ್ನು ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು ನನ್ನ ಸೊಸೆಗೆ ಪ್ರಶ್ನೆ ಕೇಳುತ್ತಿದ್ದರು. ಮಗು ಮುಖ ನೋಡಿ ಮಾತಾಡುತ್ತದೆಯೇ, ದಿನದ ಕ್ರಮ ತಪ್ಪಿದರೆ ಅಳುತ್ತದೆಯೇ, ಜನ ಹೆಚ್ಚಾದರೆ ಕಿವಿ ಮುಚ್ಚಿಕೊಳ್ಳುತ್ತದೆಯೇ, ಒಂದೇ ಕೆಲಸದಲ್ಲಿ ಬಹಳ ಹೊತ್ತು ಮುಳುಗಿರುತ್ತದೆಯೇ. ಸೊಸೆ ಬಾಯಿ ತೆರೆಯುವ ಮೊದಲೇ ನನ್ನೊಳಗೆ ಉತ್ತರ ಬರುತ್ತಿತ್ತು. ಅದು ಮಗುವಿನ ಉತ್ತರವಲ್ಲ, ನನ್ನದು. ಆಟಿಸಂ ಎಂಬ ಮಾತನ್ನು ಅವತ್ತು ಮೊದಲ ಸಲ ಕೇಳಿದೆ. ಮುಂದಿನ ಸಲ ಹೋದಾಗ ನನ್ನ ಬಗ್ಗೆಯೂ ಹೇಳಿದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿ, ನೀವೂ ಹಾಗೇ ಇದ್ದೀರಿ ಎಂದರು. ಇಷ್ಟು ವಯಸ್ಸಾದ ಮೇಲೆ ನನಗೊಂದು ಹೆಸರು ಸಿಕ್ಕಿತು. ಖುಷಿಯೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಊರಿಗೆ ಬಂದೆ.

ಅಂದಿನಿಂದ ಮನೆಗೆ ಬಂದವರೆಲ್ಲ ಸೊಸೆಗೆ ಒಂದೇ ಮಾತು ಹೇಳುತ್ತಾರೆ. ಇಂಥ ಮಕ್ಕಳಿಗೆ ಏನೋ ಒಂದು ದೊಡ್ಡ ಶಕ್ತಿ ಇರುತ್ತದೆ, ನೋಡುತ್ತಿರು. ಸೊಸೆಯ ಮುಖ ಅರಳುತ್ತದೆ. ನನಗೆ ಮಾತ್ರ ಅದನ್ನು ಕೇಳಿ ಕೇಳಿ ಸಾಕಾಗಿದೆ. ಅವರು ಹೇಳುವುದು ಸುಳ್ಳು ಎಂದಲ್ಲ. ಶಕ್ತಿ ಇದೆ. ಆದರೆ ಅದು ಊರಿಗೆಲ್ಲ ಗೊತ್ತಾದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಮೊಮ್ಮಗಳು ಓದುವ ವಯಸ್ಸಿಗೆ ಬಂದಾಗ ಬೇಕಾಗಬಹುದು ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಬೆಳೆಸಿದವಳು ಸಂಶಿ ಊರಿನ ಕಡೆಯ ನನ್ನ ಅಜ್ಜಿ, ತಾಯಿಯ ತಾಯಿ. ಆಕೆಯ ಮನೆಯಲ್ಲಿ ಎಲ್ಲಕ್ಕೂ ಒಂದು ಜಾಗ, ಒಂದು ಹೊತ್ತು. ಕಸ ಗುಡಿಸುವುದು, ಅಂಗಳ ಸಾರಿಸುವುದು, ಸ್ನಾನ, ವಿಭೂತಿ, ಪೂಜೆ, ಆಮೇಲೆ ರೊಟ್ಟಿ. ಸೀರೆ ಮಡಚುವುದಕ್ಕೂ ಒಂದು ಕ್ರಮವಿತ್ತು. ಓಣಿಯ ಹುಡುಗಿಯರು ನಮ್ಮ ಮನೆಯನ್ನು ಜೇಲು ಎನ್ನುತ್ತಿದ್ದರು. ನನಗೆ ಮಾತ್ರ ಮುಂದೆ ಏನು ಬರುತ್ತದೆ ಎಂದು ಗೊತ್ತಿರುವ ಆ ಮನೆಯಷ್ಟು ಹಗುರವಾದ ಜಾಗ ಬೇರೆ ಇರಲಿಲ್ಲ. ಅಲ್ಲಿ ನಾನು ಜಾಣೆಯಾಗಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮದುವೆಯಾಗಿ ತಿರ್ಲಾಪುರದ ಬಾಜು ಒಂದು ಹಳ್ಳಿಗೆ ಬಂದೆ. ಬಂದ ಮೇಲೆ ದಡ್ಡಿಯಾದೆ. ಆ ಮನೆಗೆ ಯಾರು ಬೇಕಾದರೂ ಯಾವಾಗ ಬೇಕಾದರೂ ಬರುತ್ತಿದ್ದರು. ಚಹಾಕ್ಕೆ ಇಟ್ಟ ನೀರು ಕುದಿಯುವ ಮೊದಲೇ ಇನ್ನಿಬ್ಬರು. ಎಲ್ಲರೂ ಒಟ್ಟಿಗೆ ಮಾತಾಡುವಾಗ ಯಾರ ಮಾತೂ ನನಗೆ ತಿಳಿಯುತ್ತಿರಲಿಲ್ಲ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನಾನು ನಗುತ್ತಿದ್ದೆ. ಸುಳ್ಳು ಹೇಳಲು ಬರುತ್ತಿರಲಿಲ್ಲ. ಅತ್ತೆಯ ತಂಗಿ ಹೊಸ ಸೀರೆ ಉಟ್ಟು ಬಂದು ಹೆಂಗೈತಿ ಎಂದು ಕೇಳಿದಾಗ, ಈ ಬಣ್ಣದಲ್ಲಿ ನೀವು ಜ್ವರ ಬಂದವರ ಹಾಗೆ ಕಾಣುತ್ತೀರಿ ಎಂದುಬಿಟ್ಟೆ. ಕೇಳಿದರಲ್ಲ ಎಂದು ಹೇಳಿದೆ. ಆಕೆ ಊಟ ಮಾಡದೆ ಹೋದಳು.

ಅವತ್ತು ಸಂಜೆ ಅತ್ತೆ ಪಡಸಾಲೆಯಲ್ಲಿ ನನ್ನ ಗಂಡನಿಗೆ ಹೇಳುವುದು ಕೇಳಿಸಿತು. "ಬಿತ್ತಿಗಿ ಒಂದು ಮುಗೀಲಿ. ಆಕಿನ್ನ ಆಕಿ ಅಜ್ಜಿ ಮನಿಗೆ ಬಿಟ್ಟು ಬಾ." ಆತ ಮಾತು ಕಡಿಮೆಯ ಮನುಷ್ಯ. ನಾನು ಒಳಗೆ ಹೋಗಿ ನನ್ನ ಸೀರೆಗಳನ್ನೆಲ್ಲ ಅಜ್ಜಿ ಕಲಿಸಿದ ಹಾಗೆ ಮಡಚಿ ಟ್ರಂಕಿನಲ್ಲಿ ಇಟ್ಟೆ. ಉಡಲು ಒಂದು, ಒಗೆಯಲು ಒಂದು ಹೊರಗೆ ಬಿಟ್ಟೆ. ಹೋಗು ಎಂದಾಗ ತಡವಾಗಬಾರದು. ಆದರೆ ಅಜ್ಜಿಗೆ ಆಗಲೇ ಕಣ್ಣು ಮಂಜಾಗಿತ್ತು, ಆಕೆಯ ಮನೆ ಸೋದರಮಾವಂದಿರ ಕೈಗೆ ಹೋಗಿತ್ತು. ಬಿಟ್ಟುಬಂದರೆ ಅಲ್ಲಿಯೂ ನನಗೆ ಜಾಗವಿರಲಿಲ್ಲ.

ಹಿಂಗಾರಿ ಜೋಳದ ಬಿತ್ತಿಗೆ ಬಂತು. ನಮ್ಮ ಕಡೆ ಎತ್ತುಗಳು ಕೂರಿಗೆ ಎಳೆಯುತ್ತವೆ. ಅದರ ಮೇಲೊಂದು ಮರದ ಬಟ್ಟಲು, ಬಟ್ಟಲಿನಿಂದ ನೆಲಕ್ಕೆ ಇಳಿಯುವ ಬಿದಿರಿನ ಕೊಳವೆಗಳು. ಗಂಡಸು ಎತ್ತು ಹೊಡೆದರೆ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತ, ಮುಷ್ಟಿಯಿಂದ ಒಂದೇ ಸಮನೆ ಬಟ್ಟಲಿಗೆ ಬೀಜ ಬಿಡಬೇಕು. ಮನಸ್ಸು ಆಚೀಚೆ ಹೋದರೆ ಕೈ ತಪ್ಪುತ್ತದೆ. ಅವತ್ತು ಯಾರಿಗೂ ಗೊತ್ತಾಗುವುದಿಲ್ಲ. ಮೊಳಕೆ ಎದ್ದ ಮೇಲೆ ಸಾಲಿನ ನಡುವೆ ಬೋಳು ಕಾಣುತ್ತದೆ, ದಾರಿಯಲ್ಲಿ ಹೋಗುವವರೆಲ್ಲ ಆ ಮನೆಯ ಹೆಂಗಸನ್ನು ಆಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಬೀಜ ಬಿಡುತ್ತಿದ್ದವಳು ಭಾವನ ಹೆಂಡತಿ. ಆ ವರ್ಷ ಹೆರಿಗೆಗೆ ತವರಿಗೆ ಹೋಗಿದ್ದಳು. ಅತ್ತೆಗೆ ಮೊಣಕಾಲು ನೋವು. ಉಳಿದವಳು ನಾನು. ಭಾವ ಎತ್ತು ಹೂಡುತ್ತ, ಈ ಸಲ ಜೋಳದ ಹೊಲದಾಗ ದನ ಅಡ್ಡಾಡಾಕ ದಾರಿ ಆಕ್ಕಾವು ಎಂದು ಕುಟುಕಿದರು.

ಆ ಮನೆಗೆ ಬಂದ ಮೇಲೆ ನನಗೆ ಉಸಿರಾಡಲು ಸಿಕ್ಕಿದ್ದು ಆ ಕೂರಿಗೆಯ ಹಿಂದೆ. ಅಲ್ಲಿ ಯಾರೂ ನನ್ನ ಮುಖ ನೋಡುತ್ತಿರಲಿಲ್ಲ. ಮಾಡುವುದು ಒಂದೇ, ಮತ್ತೆ ಅದೇ, ಮತ್ತೆ ಅದೇ. ಬೇರೆಯವರಿಗೆ ಬೇಸರವಾಗುವ ಕೆಲಸ ನನಗೆ ಅಜ್ಜಿಯ ಮನೆಯ ಹಾಗಿತ್ತು. ಕೊಳವೆಗಳಲ್ಲಿ ಬೀಜ ಇಳಿಯುವ ಸಪ್ಪಳ ಕಿವಿಯಲ್ಲಿ ತುಂಬಿತು. ಹೊಲದ ನಡುವೆ ಆ ಸಪ್ಪಳ ಸ್ವಲ್ಪ ಬೇರೆಯಾಯಿತು. ನಿಲ್ಲಿಸಿರಿ, ಎಡಗಡೆಯ ಕೊಳವೆ ಕಟ್ಟಿದೆ ಎಂದೆ. ಭಾವ ಬೈಯುತ್ತ ಬಗ್ಗಿ ನೋಡಿದರು. ಕೊಳವೆಯ ಬಾಯಲ್ಲಿ ಹಸಿ ಎರೆಮಣ್ಣು ಮೆತ್ತಿಕೊಂಡಿತ್ತು. ಕಡ್ಡಿಯಿಂದ ಕೆದಕಿ ತೆಗೆದು ಮತ್ತೆ ಎತ್ತು ಹೊಡೆದರು. ಆಮೇಲೆ ಸಂಜೆಯವರೆಗೆ ಅವರು ಕುಟುಕಲಿಲ್ಲ.

ಮೊಳಕೆ ಎದ್ದಾಗ ಸಾಲುಗಳಲ್ಲಿ ಎಲ್ಲಿಯೂ ಬೋಳಿರಲಿಲ್ಲ. ದಾರಿಯವರು ನಿಂತು ನೋಡಿದರು. ಇದು ಗಮನದ ಕೆಲಸ ಎಂದು ಯಾರೂ ಹೇಳಲಿಲ್ಲ. ಆ ಸೊಸೆಯ ಕೈಗುಣ ಅಂದರು. ನಮ್ಮೂರಿನವರು ಯಾವುದನ್ನಾದರೂ ಕೈಗುಣ ಎಂದರೆ ಮುಗಿಯಿತು, ಅದು ದೇವರ ಕೊಡುಗೆ, ಊರಿಗೆಲ್ಲ ಹಂಚಬೇಕಾದ ಪ್ರಸಾದ. ಮುಂದಿನ ಮುಂಗಾರಿಗೆ ಹೆಸರುಕಾಳು ಬಿತ್ತಲು ಕರೆದರು, ಹತ್ತಿಗೆ ಕರೆದರು. ಎಮ್ಮೆ ಈದರೆ ಮೊದಲ ಹಾಲು ಹಿಂಡಲು ಕರೆದರು. ಉಡಿ ತುಂಬಿ ಕರೆದೊಯ್ಯುವವರಿಗೆ ಇಲ್ಲ ಎನ್ನುವಂತಿಲ್ಲ. ಬಿಟ್ಟುಬರುವ ಮಾತು ಮನೆಯಲ್ಲಿ ನಿಂತಿತು. ನಮ್ಮ ಸೊಸಿ ಎಂದು ಅತ್ತೆ ಹೇಳತೊಡಗಿದಳು. ಆದರೆ ನಾನು ಟ್ರಂಕ್ ಬಿಚ್ಚಲಿಲ್ಲ. ಉಳಿದದ್ದು ನಾನಲ್ಲ, ನನ್ನ ಕೈ ಎಂದು ನನಗೆ ಗೊತ್ತಿತ್ತು. ಒಂದು ಸಾಲು ತಪ್ಪಿದರೆ ಬಸ್ಸು ಹತ್ತಬೇಕು.

ಹೀಗೆ ಎರಡು ವರ್ಷ ನಡೆಯಿತು. ಆ ದಣಿವು ಬಿತ್ತಿಗೆಯದ್ದಲ್ಲ. ಪ್ರತಿ ಹೊಲದಲ್ಲಿ ಹೊಸ ಜನ, ಹೊಸ ಎತ್ತು, ಬದುವಿನ ಮೇಲೆ ಕುಳಿತ ಹೆಂಗಸರ ಮಾತು, ಊಟಕ್ಕೆ ಒತ್ತಾಯ, ಸರಿಯಾದ ಹೊತ್ತಿಗೆ ನಗಬೇಕಾದ ಕಷ್ಟ. ಮನೆಗೆ ಬಂದರೆ ತಂಬಿಗೆ ಇಟ್ಟ ಸದ್ದು ಹಲ್ಲಿಗೆ ತಾಗುತ್ತಿತ್ತು. ಮಾತು ಬಾಯಿಗೆ ಬರುತ್ತಿರಲಿಲ್ಲ. ಆಕೆಗೆ ಸಾಕಾಗಿದೆ ಎಂದು ಗಂಡ ಒಮ್ಮೆ ಅತ್ತೆಗೆ ಹೇಳಿದ. "ಯಾರಿಗೆ ಸಾಕಾಗಿಲ್ಲೋ?" ಎಂದಳು ಅತ್ತೆ. ಅದೂ ಖರೆ. ಆ ಮನೆಯಲ್ಲಿ ಎಲ್ಲರೂ ದಣಿದಿದ್ದರು. ನನ್ನ ದಣಿವು ಬೇರೆ ಜಾತಿಯದು ಎಂದು ಹೇಳಲು ನನಗೆ ಶಬ್ದವಿರಲಿಲ್ಲ.

ಮತ್ತೊಂದು ಹಿಂಗಾರಿಯಲ್ಲಿ ಹಳ್ಳದ ದಂಡೆಯ ದೊಡ್ಡ ಹೊಲದವರು ಕರೆದರು. ಬಿತ್ತುವಾಗ ಕೂಲಿಯ ಹೆಂಗಸೊಬ್ಬಳು ನನ್ನ ಜೊತೆಯಲ್ಲೇ ನಡೆಯುತ್ತ ಮಾತಾಡಿಸುತ್ತಿದ್ದಳು. ನಾನು ಉತ್ತರ ಕೊಡದಿದ್ದಾಗ ಎಲ್ಲರಿಗೂ ಕೇಳುವ ಹಾಗೆ, "ಕೈಗೆ ಅಷ್ಟ ಗುಣ ಕೊಟ್ಟಾನ ನೋಡ್ರಿ ದೇವರು, ಬಾಯಿಗೆ ಬೀಗ ಹಾಕ್ಯಾನ" ಎಂದಳು. ಬದುವಿನ ಮೇಲಿನವರೆಲ್ಲ ನಕ್ಕರು. ಕೊಳವೆಯ ಸಪ್ಪಳ ಆ ನಗುವಿನಲ್ಲಿ ಕಳೆದುಹೋಯಿತು. ನನ್ನ ಮುಷ್ಟಿ ಮುಚ್ಚಿಕೊಂಡಿತು, ತೆರೆಯಲು ನೋಡಿದರೂ ತೆರೆಯಲಿಲ್ಲ. ಎತ್ತು ಮುಂದೆ ಹೋದವು. ನಾನು ಸಾಲಿನಲ್ಲೇ ಕುಳಿತು ಕಿವಿ ಮುಚ್ಚಿಕೊಂಡೆ. ಯಾರದೋ ದೃಷ್ಟಿ ತಾಗಿದೆ ಎಂದು ಚಕ್ಕಡಿ ಗಾಡಿಯಲ್ಲಿ ಹಾಕಿ ಮನೆಗೆ ಕಳಿಸಿದರು.

ಮರುದಿನ ಬೆಳಿಗ್ಗೆ ದನಗಳ ಬಾಜು ಗೋಡೆಗೆ ಒರಗಿ ಕುಳಿತಿದ್ದೆ. ಅತ್ತೆ ಬಂದು ಮೊಣಕಾಲು ಹಿಡಿದುಕೊಂಡು ಎದುರಿಗೆ ಕುಳಿತಳು. "ಅಲ್ಲಿ ಏನಾತು? ಖರೇ ಹೇಳು." ಖರೇ ಹೇಳುವುದೊಂದೇ ನನಗೆ ಬರುತ್ತಿದ್ದದ್ದು. "ಕೈಗುಣ ಅನ್ನೂದು ಇಲ್ರಿ ಅತ್ತಿ. ನಾ ಬೀಜದ ಕಡೆ ಅಷ್ಟ ಇರ್ತೀನ್ರಿ. ಜನ ಮಾತಾಡಿದ್ರ ಇರಾಕ ಆಗಂಗಿಲ್ರಿ. ನನಗ ಒಂದ ಹೊಲ ಸಾಕ್ರಿ." ಇನ್ನು ಹೋಗು ಎನ್ನುತ್ತಾಳೆ ಎಂದು ಕಾದೆ. ಅತ್ತೆ ನನ್ನ ಕೈಯನ್ನು ಮಗುಚಿ ನೋಡಿದಳು. ಉಗುರು ಒತ್ತಿ ಅಂಗೈಯಲ್ಲಿ ಗಾಯವಾಗಿತ್ತು. ಆಕೆಯೂ ಹರೆಯದಲ್ಲಿ ಕೂರಿಗೆಯ ಹಿಂದೆ ನಡೆದವಳು. ಎದ್ದು ಹೋದಳು.

ಸ್ವಲ್ಪ ಹೊತ್ತಿಗೆ ದೊಡ್ಡ ಹೊಲದ ಯಜಮಾನತಿ ಬಂದಳು. ಅರ್ಧಕ್ಕೆ ನಿಂತ ಸಾಲು ಮನೆಗೆ ಒಳ್ಳೆಯದಲ್ಲ, ನಿಮ್ಮ ಸೊಸೆ ಬಂದು ಅದೊಂದು ಸಾಲು ಮುಗಿಸಿಕೊಡಲಿ, ಆ ಕೈಗುಣ ಬೇರೆಯವರಿಗೆಲ್ಲಿ ಬರಬೇಕು ಎಂದು ಬಾಗಿಲಲ್ಲೇ ನಿಂತು ಹೇಳಿದಳು. ಅತ್ತೆ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ.

"ಕೈಗುಣನೂ ಇಲ್ಲ, ಏನೂ ಇಲ್ರಿ ಅಕ್ಕಾರ. ಬಾಯಿ ಮುಚ್ಚಿಕೊಂಡು ಬೀಜ ಬಿಟ್ರ ನಿಮ್ಮ ಸಾಲೂ ಹಂಗ ಬರ್ತಾವು. ಬೇಕಾದ್ರ ಮಾಡಿ ನೋಡ್ರಿ."

"ಹಂಗಾರ ಆಕಿ ಬರೂದಿಲ್ಲೇನು?"

"ಬರೂದಿಲ್ರಿ. ನಮ್ಮ ಹೊಲ ನಮ್ಮಾಕಿ ಬಿತ್ತತಾಳ. ಚಹಾ ಕುಡದ ಹೋಗ್ರಿ."

ಆಕೆ ಚಹಾ ಕುಡಿಯಲಿಲ್ಲ. ಕೆಲವು ದಿನ ಊರು ನಮ್ಮ ಮನೆಯ ಸೊಕ್ಕಿನ ಬಗ್ಗೆ ಮಾತಾಡಿತು. ಆಮೇಲೆ ಬೇರೆ ಮಾತು ಸಿಕ್ಕಿತು. ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಬರುವವರೆಗೂ ನಾನೇ ಬೀಜ ಬಿಟ್ಟೆ. ನಾನು ಕೂರಿಗೆಯ ಹಿಂದೆ ಇರುವಾಗ ಯಾರೂ ಮಾತಾಡಬಾರದು ಎಂಬುದು ಮನೆಯ ಪದ್ಧತಿಯಾಯಿತು.

ಅವತ್ತು ಯಜಮಾನತಿ ಹೋದ ಮೇಲೆ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದು ಟ್ರಂಕನ್ನು ಗದ್ದದಿಂದ ತೋರಿಸಿದಳು. ಅದು ತುಂಬಿದೆ ಎಂದು ಆಕೆಗೆ ಯಾವಾಗಿನಿಂದ ಗೊತ್ತಿತ್ತೋ.

"ಅದನ್ನ ಖಾಲಿ ಮಾಡು ಬೇ. ಥಂಡಿ ಹೋದ ಮ್ಯಾಲ ಹೊಚಗೊಳ್ಳೂ ಕೌದಿ ಇಡಾಕ ನನಗ ಬೇಕಾಗ್ತೈತಿ."

ಸೀರೆಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಗೂಡಿನಲ್ಲಿ ಅಜ್ಜಿಯ ಕ್ರಮದಲ್ಲೇ ಜೋಡಿಸಿದೆ. ಜೋಡಿಸಿ ಮುಗಿದ ಮೇಲೆ ಎರಡು ವರ್ಷದ ದಣಿವು ಒಮ್ಮೆಲೇ ಕಾಲಿಗೆ ಇಳಿಯಿತು. ಹಾಡುಹಗಲಿನಲ್ಲಿ ನೆಲದ ಮೇಲೆ ಮಲಗಿಬಿಟ್ಟೆ. ಯಾರೂ ಎಬ್ಬಿಸಲಿಲ್ಲ. ಆ ಟ್ರಂಕಿನಲ್ಲಿ ಇವತ್ತಿಗೂ ಕೌದಿಗಳೇ ಇವೆ.