ಬೆಲ್ಲಕ್ಕೆ ಸಿಕ್ಕ ಆಮೆನ್

ನನ್ನ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದ್ದು ಇರುವೆಗಳು. ಬಚ್ಚಲಿನ ಹಿಂದೆ, ನಾನು ಮೂತ್ರಕ್ಕೆ ಹೋಗುವ ಜಾಗದಲ್ಲಿ, ದಿನವೂ ಸಾಲು ಹಿಡಿಯುತ್ತಿದ್ದವು. ನನ್ನ ಹೆಂಡತಿ ಸುಗುಣ ಪೊರಕೆ ಹಿಡಿದು ನಿಂತು, "ಇಲ್ಲಿ ಪಾಯಸ ಚೆಲ್ಲಿದೋರು ಯಾರ್ರೀ?" ಎಂದಳು.

ಆಮೇಲೆ ದಾಹ. ಎಷ್ಟು ಕುಡಿದರೂ ದಾಹ. ರೈಲ್ವೆಯಲ್ಲಿ ಗೂಡ್ಸ್ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಆರಾಮವಾಗಿ ಬೆಳೆಸಿಕೊಂಡಿದ್ದ ಹೊಟ್ಟೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೊಳೆನರಸೀಪುರದಲ್ಲಿ ರೈಲು ಹತ್ತಿ ಹಾಸನದ ಆಸ್ಪತ್ರೆಗೆ ಹೋದೆವು. ಡಾಕ್ಟರು ನನ್ನ ಮೂತ್ರವನ್ನು ಒಂದು ನೀಲಿ ದ್ರಾವಣಕ್ಕೆ ಹಾಕಿ, ಟೆಸ್ಟ್ ಟ್ಯೂಬನ್ನು ಸ್ಪಿರಿಟ್ ಲ್ಯಾಂಪಿನ ಮೇಲೆ ಹಿಡಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಹೆಂಚಿನ ಬಣ್ಣಕ್ಕೆ ಬಂದು ನಿಂತಿತು.

"ಡಯಾಬಿಟೀಸ್" ಎಂದರು.

"ವಾಸಿ ಆಗುತ್ತಾ ಸಾರ್?"

"ವಾಸಿ ಆಗಲ್ಲ. ಆದರೆ ನೀವು ನೆಟ್ಟಗಿದ್ದರೆ ಅದೂ ನೆಟ್ಟಗಿರುತ್ತೆ."

ಯುದ್ಧದ ಕಾಲ. ಇನ್ಸುಲಿನ್ ಸಿಗುವುದು ಕಷ್ಟ, ಬಂದಷ್ಟು ತೀರಾ ಬೇಕಾದವರಿಗೆ. ನಿಮಗೆ ಡಯಟ್ಟೇ ಔಷಧಿ ಎಂದರು. ಸಕ್ಕರೆ ಬೇಡ, ಬೆಲ್ಲ ಬೇಡ, ಅನ್ನ ಒಂದು ಹಿಡಿ. ಮುದ್ದೆ, ಸೊಪ್ಪು, ಹಾಗಲಕಾಯಿ.

ಹಾಗಲಕಾಯಿಗೆ ನಾನು ಹೆದರಲಿಲ್ಲ. ಹೆದರಿದ್ದು ಬೆಲ್ಲ ಬೇಡ ಎಂದದ್ದಕ್ಕೆ. ಅಚ್ಚುಬೆಲ್ಲದ ಒಂದು ಚೂರು ಬಾಯಿಗೆ ಬೀಳದೆ ನನಗೆ ಊಟ ಮುಗಿದಂತೆ ಆಗುತ್ತಿರಲಿಲ್ಲ.

ಮನೆಗೆ ಬಂದವಳೇ ಸುಗುಣ ಬೆಲ್ಲದ ಡಬ್ಬ ಖಾಲಿ ಮಾಡಿದಳು. ರೇಷನ್ ಚೀಟಿಯ ಸಕ್ಕರೆಯನ್ನು ನಮ್ಮ ಕ್ರೈಸ್ತ ಸಭೆಯ ಮಾರ್ತಮ್ಮಕ್ಕನಿಗೆ ಕೊಟ್ಟಳು. ಮಾರ್ತಮ್ಮಕ್ಕ ಗದ್ದೆ ಕೂಲಿಗೆ ಹೋಗುವ ಮುದುಕಿ, ನನಗಿಂತ ಹಿರಿಯಳು. ಮಾರನೆಯ ದಿನ ನೋಡಿದರೆ ಸುಗುಣ ತಾನೂ ಸಪ್ಪೆ ಕಾಫಿ ಕುಡಿಯುತ್ತಿದ್ದಾಳೆ.

"ನಿನಗೇನಾಗಿದೆಯೇ?"

"ನಿಮಗಿಲ್ಲದ್ದು ನನಗೂ ಬೇಡ ಬಿಡಿ."

ಅಂಥವಳಿಗೆ ನಾನು ಮಾಡಿದ್ದನ್ನು ಈಗ ಬರೆಯಬೇಕು.

ನಾನು ನಮ್ಮ ಸಣ್ಣ ಸಭೆಗೆ ಹಿರಿಯ. ಪ್ರಾರ್ಥನಾ ಮಂದಿರದಲ್ಲಿ, ಕರ್ತನ ಭೋಜನದ ದಿನ ರೊಟ್ಟಿ, ದ್ರಾಕ್ಷಾರಸ ಕೊಡುವ ಬಟ್ಟಲುಗಳನ್ನು ಇಡುವ ಒಂದು ಬೀರು ಇದೆ. ಅದರ ಬೀಗದ ಕೈ ನನ್ನ ಹತ್ತಿರ. ಆ ಬಟ್ಟಲುಗಳ ಹಿಂದೆ ನಾನು, ಸುಗುಣನಿಗೆ ತಿಳಿಯದಂತೆ ಸಂತೆಯಲ್ಲಿ ಕೊಂಡ ಅಚ್ಚುಬೆಲ್ಲ ಇಟ್ಟೆ. ಸಂಜೆಯಾದರೆ, "ಒಬ್ಬನೇ ಕೂತು ಸ್ವಲ್ಪ ಪ್ರಾರ್ಥನೆ ಮಾಡಿ ಬರ್ತೀನಿ" ಎಂದು ಹೊರಡುತ್ತಿದ್ದೆ. ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬೀರು ತೆಗೆಯುತ್ತಿದ್ದೆ.

ಇನ್ನೊಂದು ಸಂಗತಿ ಇದೆ. ಹೇಳಿದರೆ ನಗುತ್ತೀರಿ. ಊಟದ ಮುಂಚೆ ಸ್ತೋತ್ರ ಹೇಳದೆ ನಾನು ಬಾಯಿಗೆ ಏನನ್ನೂ ಹಾಕಿದವನಲ್ಲ. ಅಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು. ಕದ್ದು ತಿನ್ನುವ ಬೆಲ್ಲ ಕೈಗೆ ಬಂದಾಗಲೂ ಕಣ್ಣು ತಾನಾಗಿ ಮುಚ್ಚುತ್ತಿತ್ತು. "ಕರ್ತನೇ, ನೀನು ಕೊಟ್ಟ ಈ ಆಹಾರಕ್ಕಾಗಿ ಸ್ತೋತ್ರ" ಎಂದು ಮುಗಿಸಿ, ಆಮೇಲೆ ತಿನ್ನುತ್ತಿದ್ದೆ. ಆತ ಕೊಟ್ಟದ್ದಲ್ಲ, ಡಾಕ್ಟರು ಕಿತ್ತುಕೊಂಡದ್ದು ಎಂದು ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳು. ಹೊಳೆಯಲು ಬಿಡಲಿಲ್ಲ.

ನಮ್ಮ ಉಪದೇಶಿ ದಾನಿಯೇಲಪ್ಪನವರು ಒಂದು ಭಾನುವಾರ ಪ್ರಸಂಗದಲ್ಲಿ ನನ್ನ ಕಡೆ ಕೈ ತೋರಿಸಿ, ಏಕಾಂತ ಪ್ರಾರ್ಥನೆ ಎಂದರೆ ಹೀಗಿರಬೇಕು ಎಂದರು. ನಾನು ತಲೆ ತಗ್ಗಿಸಿದೆ. ಅದನ್ನೂ ಜನ ದೀನತೆ ಎಂದುಕೊಂಡರು.

ಬಲಗಾಲಿನ ಕಿರುಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯಲಿಲ್ಲ. ಬೆರಳು ಕಪ್ಪಗಾಯಿತು. ಹಾಸನದಲ್ಲಿ ಡಾಕ್ಟರು ಮತ್ತೆ ಟೆಸ್ಟ್ ಟ್ಯೂಬ್ ಕಾಯಿಸಿದರು. ಅದೇ ಹೆಂಚಿನ ಬಣ್ಣ.

"ಡಯಟ್ ಸರಿಯಾಗಿ ಮಾಡ್ತಿದ್ದೀರಾ?"

ನಾನು ಬಾಯಿ ಬಿಡುವ ಮೊದಲೇ ಸುಗುಣ, "ಮಾಡ್ತಿದ್ದಾರೆ ಸಾರ್. ನನ್ನ ಕೈಯಾರೆ ಬಡಿಸ್ತೀನಿ" ಎಂದಳು.

ಡಾಕ್ಟರು ಕಾಲನ್ನು ಮುಟ್ಟಿ ಮುಟ್ಟಿ ನೋಡಿದರು. ಸಕ್ಕರೆ ಇಳಿಯದಿದ್ದರೆ ಕಪ್ಪು ಮೇಲಕ್ಕೆ ಏರುತ್ತದೆ ಎಂದರು.

ಏರಿದರೆ ಕಾಲು ತೆಗೆಯಬೇಕು.

ಸುದ್ದಿ ಊರು ಮುಟ್ಟಿತು. ನಮ್ಮವರು ಕೆಲವೇ ಮನೆ. ಶುಕ್ರವಾರ ಎಲ್ಲರೂ ನನಗಾಗಿ ಉಪವಾಸ ಪ್ರಾರ್ಥನೆ ಮಾಡುವುದೆಂದು ಉಪದೇಶಿಗಳು ಹೇಳಿದರು. ಸಂಜೆ ಮಂದಿರದಲ್ಲಿ ಕೂಡುವುದು.

ಆ ಶುಕ್ರವಾರ ಎಲ್ಲರಿಗಿಂತ ಮುಂಚೆ ನಾನು ಕುಂಟುತ್ತಾ ಹೋದೆ. ಬೇಡಿಕೊಳ್ಳುವುದಕ್ಕೇ ಹೋಗುತ್ತಿದ್ದೇನೆಂದು ನಂಬಿದ್ದೆ. ಬಾಗಿಲು ಹಾಕಿದೆ. ಕೈ ಬೀರುವಿಗೆ ಹೋಯಿತು. ಬೆಲ್ಲ ಬಂತು. ಕಣ್ಣು ಮುಚ್ಚಿತು. ತುಟಿ ಗೊಣಗುಟ್ಟಿತು.

"ಆಮೆನ್."

ಹೇಳಿದ್ದು ನಾನಲ್ಲ.

ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಮಾರ್ತಮ್ಮಕ್ಕ ಕೂತಿದ್ದಳು. ನಾಟಿ ಗದ್ದೆಯಿಂದ ನೇರವಾಗಿ ಬಂದಿದ್ದಳು, ಮೊಣಕಾಲಿನವರೆಗೂ ಕೆಸರು, ತುಟಿ ಒಣಗಿ ಬಿಳಿಚಿಕೊಂಡಿತ್ತು.

"ನೀ ಮಾಡಪ್ಪ ಗುಮಾಸ್ತಪ್ಪ, ನಾ ಇಲ್ಲೇ ಕುಂತಿರ್ತೀನಿ" ಎಂದಳು. "ನಂಗೆ ಉದ್ದಕ್ಕೆ ಪ್ರಾರ್ತ್ನೆ ಬರಾಕಿಲ್ಲ. ನೀ ಕೇಳು, ನಾ ಆಮೆನ್ ಅಂತೀನಿ."

ನಾನು ಒಳಕ್ಕೆ ಹೋಗಿ ಕೂತೆ. ಬೆಲ್ಲ ಅಂಗೈಯಲ್ಲಿ ಕರಗಿ ಅಂಟಿಕೊಂಡಿತು. ಕಾಲು ಹೋದರೆ ಹೋಗಲಿ ಎನಿಸಿತು. ಈ ಹೆಂಗಸು ಅನ್ನ ಬಿಟ್ಟು ಹೇಳಿದ ಆಮೆನ್ನನ್ನು ಬೆಲ್ಲದ ಜೊತೆ ನುಂಗುವುದು ನನ್ನಿಂದ ಆಗಲಿಲ್ಲ.

ಎಲ್ಲರೂ ಬಂದು ಕೂತರು. ಉಪದೇಶಿಗಳು ಎದ್ದು ನಿಲ್ಲುವ ಮುಂಚೆ ನಾನು ಎದ್ದೆ. ಬೀರು ತೆಗೆದು, ಉಳಿದ ಅಚ್ಚುಗಳನ್ನು ತಂದು ಮೇಜಿನ ಮೇಲಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ತೋತ್ರದ ವಿಷಯವನ್ನೂ ಬಿಡಲಿಲ್ಲ.

"ಅಂಗಾರೆ ನಾ ಆಮೆನ್ ಅಂದಿದ್ದು ಬೆಲ್ಲಕ್ಕಾ?" ಎಂದಳು ಮಾರ್ತಮ್ಮಕ್ಕ.

"ಹೌದಕ್ಕ."

"ಬೆಳಿಗ್ಗಿಂದ ಅಂಬ್ಲಿನೂ ಕುಡಿದಿಲ್ಲ ಕಣಪ್ಪ ನಾನು. ನಾಟಿ ಆಕ್ತಾ ಕಣ್ಣು ಕತ್ಲೆ ಬಂದ್ಬುಡ್ತು. ನೀನು ಇಲ್ಲಿ ಬೆಲ್ಲ ಕಡೀತಿದ್ಯಾ?"

ದಾನಿಯೇಲಪ್ಪನವರು ಗಡ್ಡ ಕೆರೆದುಕೊಂಡರು. "ನಾವು ಸಕ್ಕರೆ ಇಳಿಸಪ್ಪಾ ಅಂತ ಕೇಳೋದು, ಇವರು ಏರಿಸೋದು. ಮೇಲಿರೋನು ಯಾರ ಮಾತು ಕೇಳ್ಯಾನು?"

ಮಾರ್ತಮ್ಮಕ್ಕನಿಗೇ ಮೊದಲು ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ನಕ್ಕರು. ಪ್ರಾರ್ಥನೆ ಮಾತ್ರ ಬಿಡಲಿಲ್ಲ. ಆ ಸಂಜೆ ನನ್ನ ಕಾಲಿಗಿಂತ ನನ್ನ ನಾಲಿಗೆಗಾಗಿ ಹೆಚ್ಚು ಬೇಡಿದರು. ಮುಗಿದ ಮೇಲೆ ಮಾರ್ತಮ್ಮಕ್ಕ ಮೇಜಿನ ಹತ್ತಿರ ಹೋಗಿ, "ಉಪಾಸ ಬುಡಾಕೆ ಬೆಲ್ಲ ಒಳ್ಳೇದು" ಎಂದು ಒಂದು ಅಚ್ಚನ್ನು ಕಲ್ಲಿನ ಮೇಲೆ ಕುಟ್ಟಿ ಎಲ್ಲರಿಗೂ ಹಂಚಿದಳು. "ಸ್ತೋತ್ರ ನೀನೇ ಏಳಪ್ಪ. ನಿಂಗೆ ರೂಢಿ ಐತಲ್ಲ."

ಹೇಳಿದೆ. ಅವರು ತಿಂದರು. ನಾನು ನೋಡಿದೆ.

ಸುಗುಣ ನಗಲೂ ಇಲ್ಲ, ತಿನ್ನಲೂ ಇಲ್ಲ. ದಾರಿಯಲ್ಲಿ ಒಂದೇ ಮಾತು ಆಡಿದಳು. "ಸಪ್ಪೆ ಕಾಫಿ ನನಗೇನೂ ಕಷ್ಟ ಆಗ್ಲಿಲ್ಲ. ಡಾಕ್ಟರ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿಬಿಟ್ರಲ್ಲ, ಅದು ಕಷ್ಟ." ಕಾಲಿಗಿಂತ ಅದೇ ಹೆಚ್ಚು ನೋಯಿತು. ಈಗಲೂ ನೋಯುತ್ತದೆ.

ಮುಂದಿನ ರೈಲಿಗೆ ಹಾಸನಕ್ಕೆ ಹೋಗಿ ಡಾಕ್ಟರಿಗೂ ಹೇಳಿದೆ. ಅವರು ಬೈಯಲಿಲ್ಲ. "ಸದ್ಯ, ಔಷಧಿ ಸೋತಿಲ್ಲ" ಎಂದರು. ವಾರ್ಡಿನಲ್ಲಿ ಇಟ್ಟುಕೊಂಡು, ಹೇಗೋ ಹೊಂದಿಸಿ ಕೆಲವು ದಿನ ಇನ್ಸುಲಿನ್ ಕೊಟ್ಟರು. ಕಿರುಬೆರಳು ಹೋಯಿತು. ಪಾದ ಉಳಿಯಿತು. ಟೆಸ್ಟ್ ಟ್ಯೂಬ್ ಈಗ ಹಸಿರಿಗೆ ಬಂದು ನಿಲ್ಲುತ್ತದೆ. ಒಮ್ಮೊಮ್ಮೆ ನೀಲಿಯಾಗಿಯೇ ಉಳಿಯುವುದೂ ಉಂಟು. ಆ ದಿನ ನಾನು ಮನೆಯಲ್ಲಿ ಗಂಡುಮಗು ಹುಟ್ಟಿದವನ ಹಾಗೆ ಓಡಾಡುತ್ತೇನೆ.

ಸುಗುಣ ಬಹಳ ದಿನ ಹೆಚ್ಚು ಮಾತಾಡಲಿಲ್ಲ. ಹೋದ ವಾರ ಕಾಫಿಗೆ ಬೆಲ್ಲ ಹಾಕಿಕೊಂಡು, ನನ್ನೆದುರೇ ಕೂತು, ನಿಧಾನವಾಗಿ ಕುಡಿದಳು. ಅದು ಕ್ಷಮೆಯೋ ಶಿಕ್ಷೆಯೋ ನಾನು ಕೇಳಲಿಲ್ಲ. ಎರಡಕ್ಕೂ ಸ್ತೋತ್ರ.

ಸಂಜೆ ಮಂದಿರಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಬಾಗಿಲು ಹಾಕಿಕೊಂಡು ಕೂರುತ್ತೇನೆ. ಈಗ ತಿಳಿಯುತ್ತಿದೆ, ಇಷ್ಟು ವರ್ಷದಲ್ಲಿ ಒಬ್ಬನೇ ಕೂತು ಪ್ರಾರ್ಥನೆ ಮಾಡುವುದನ್ನು ನಾನು ಕಲಿತೇ ಇಲ್ಲ. ಸಭೆಯಲ್ಲಿ ಎದ್ದು ನಿಂತರೆ ನೀರಿನಂತೆ ಹರಿಯುವ ಮಾತು ಅಲ್ಲಿ ಬೇಗ ಬತ್ತಿಹೋಗುತ್ತದೆ.

"ಇಷ್ಟು ಬೇಗ ಬಂದ್ರಾ?" ಎನ್ನುತ್ತಾಳೆ ಸುಗುಣ.

"ಹೇಳೋದು ಮುಗೀತು ಕಣೇ."

"ಸರಿ ಬಿಡಿ" ಎಂದು ಹಾಗಲಕಾಯಿ ಬಡಿಸುತ್ತಾಳೆ.